ಜಾಂಗೊ ಅಪ್‌ಗ್ರೇಡ್ ಆದ್ಮೇಲೆ ಡೇಟಾಬೇಸ್ ಕೈಕೊಟ್ರೆ ಎಲ್ಲಿಂದ ಹುಡುಕ್ಬೇಕು

ಕೋಡಲ್ಲಿ ಒಂದಕ್ಷರನೂ ಮುಟ್ಟಿಲ್ಲ, ರಿಕ್ವೈರ್‌ಮೆಂಟ್ಸ್ ಫೈಲಲ್ಲಿ ಜಾಂಗೊ (ಪೈಥಾನಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) ವರ್ಶನ್ ನಂಬರ್ ಒಂದು ಬದಲಾಯಿಸಿದ್ದು ಅಷ್ಟೇ, ಸರ್ವರ್ ಸ್ಟಾರ್ಟ್ ಮಾಡಿದ್ರೆ ಡೇಟಾಬೇಸ್ ಎರರ್. ಇಲ್ಲಾಂದ್ರೆ ಅದಕ್ಕಿಂತ ಕೆಟ್ಟದ್ದು, ಎರರೇ ಬರಲ್ಲ, ಸೈಟ್ ನೀಟಾಗಿ ಓಪನ್ ಆಗತ್ತೆ, ಆದ್ರೆ ಯಾರಿಗೂ ಲಾಗಿನ್ ಆಗಲ್ಲ, ಲಿಸ್ಟ್‌ಗಳೆಲ್ಲ ಖಾಲಿ ಖಾಲಿ. ಈ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗೋದೇ ಮೈಗ್ರೇಟ್ ಕಮಾಂಡ್ ಕಡೆಗೆ, ಅಂದ್ರೆ ಕೋಡಿಗೆ ತಕ್ಕ ಹಾಗೆ ಡೇಟಾಬೇಸಲ್ಲಿ ಟೇಬಲ್ ಮಾಡೋ, ಬದಲಾಯಿಸೋ ಕಮಾಂಡ್. ದಯವಿಟ್ಟು ಅದನ್ನ ಈಗ ಓಡಿಸ್ಬೇಡಿ. ನಿಮ್ಮ ಆ್ಯಪ್ ಈ ಕ್ಷಣ ಯಾವ ಡೇಟಾಬೇಸ್ ಜೊತೆ ಮಾತಾಡ್ತಿದೆ ಅಂತ ಕಣ್ಣಾರೆ ನೋಡಿ ಖಾತ್ರಿ ಮಾಡ್ಕೊಳ್ಳೋವರೆಗೂ ಮೈಗ್ರೇಟ್ ಮುಟ್ಲೇಬಾರ್ದು.

ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತೀನಿ ಅಂದ್ರೆ, ನಾನು ಕೆಲಸ ಮಾಡ್ತಿದ್ದ ಒಂದು ಕಡೆ 2.2ರಿಂದ 3.2ಕ್ಕೆ ಹೋದ್ವಿ, ಸೈಟ್ ಮೇಲೆ ಬಂತು, ಲಾಗಿನ್ ಮಾಡೋಕೆ ಹೋದ್ರೆ ‘ನೋ ಸಚ್ ಟೇಬಲ್’ ಅಂತ ಬಂತು, ಟೀಮಲ್ಲಿ ಒಬ್ರು ಟೇಬಲ್ ಇಲ್ವಲ್ಲ ಅಂತ ಮೈಗ್ರೇಟ್ ಓಡಿಸಿ, ಹೊಸ ಸೂಪರ್‌ಯೂಸರ್ ಮಾಡಿ, ಸರಿ ಹೋಯ್ತು ಅಂದ್ಕೊಂಡ್ರು. ನಿಜವಾದ ಡೇಟಾ ಫೈಲ್ ಪಕ್ಕದ ಫೋಲ್ಡರಲ್ಲಿ ಹಾಗೇ ಕೂತಿತ್ತು. ಆಮೇಲೆ ಮೂರು ದಿನ ಜನ ಹೊಸ ಫೈಲಿಗೇ ಎಂಟ್ರಿ ಹಾಕಿದ್ರು, ಐಡಿಗಳು ಮತ್ತೆ 1ರಿಂದ ಶುರುವಾಗಿದ್ವು, ಹಳೇ ಡೇಟಾ ಹೊಸ ಡೇಟಾ ಎರಡನ್ನೂ ಸೇರಿಸೋಕೆ ಕೂತಾಗ ಪ್ರತಿಯೊಂದು ಐಡಿನೂ ಡಿಕ್ಕಿ ಹೊಡೀತಿತ್ತು, ಅದರ ಜೊತೆ ಫಾರಿನ್ ಕೀಗಳೂ, ಅಂದ್ರೆ ಇನ್ನೊಂದು ಟೇಬಲ್ಲಿನ ಐಡಿ ಇಟ್ಕೊಂಡಿರೋ ಕಾಲಮ್‌ಗಳು. ಡೇಟಾ ಕಳೆದಿರ್ಲಿಲ್ಲ, ಆದ್ರೆ ಆ ಮೂರು ದಿನದ ಎಂಟ್ರಿಗಳನ್ನ ಕೈಯಲ್ಲೇ ಒಂದೊಂದಾಗಿ ಸೇರಿಸ್ಬೇಕಾಯ್ತು. ಮೊದಲ ನಿಮಿಷದಲ್ಲೇ ಫೈಲ್ ಪಾತ್ ಪ್ರಿಂಟ್ ಮಾಡಿ ನೋಡಿದ್ರೆ ಅಷ್ಟೂ ಕೆಲಸ ಉಳೀತಿತ್ತು.

ಮೊದಲನೇ ಕೆಲಸ, ಯಾರ ಜೊತೆ ಕನೆಕ್ಟ್ ಆಗಿದೀವಿ

ಮ್ಯಾನೇಜ್ ಡಾಟ್ ಪೈ ಮೂಲಕ ಶೆಲ್ ತೆಗೀರಿ, ಜಾಂಗೊ ಡಾಟ್ ಡಿಬಿ ಇಂದ ‘ಕನೆಕ್ಷನ್’ ಇಂಪೋರ್ಟ್ ಮಾಡಿ, ಅದರ ‘ಸೆಟ್ಟಿಂಗ್ಸ್_ಡಿಕ್ಟ್’ ಪ್ರಿಂಟ್ ಮಾಡಿ. ಇಂಜಿನ್, ನೇಮ್, ಹೋಸ್ಟ್, ಪೋರ್ಟ್, ಆಪ್ಷನ್ಸ್ ಎಲ್ಲ ಅಲ್ಲೇ ಕಾಣತ್ತೆ. ಸೆಟ್ಟಿಂಗ್ಸ್ ಫೈಲಲ್ಲಿ ಏನು ಬರೆದಿದೀರಿ ಅನ್ನೋದಲ್ಲ, ಜಾಂಗೊ ಕೊನೆಗೆ ಏನನ್ನ ಹಿಡ್ಕೊಂಡಿದೆ ಅನ್ನೋದು ಇಲ್ಲಿ ಬರತ್ತೆ, ಅವೆರಡೂ ಒಂದೇ ಅಂತ ನಂಬ್ಕೊಂಡು ಕೂತ್ರೆ ಗಂಟೆಗಟ್ಟಲೆ ಹೋಗತ್ತೆ. ಒಂದು ಎಚ್ಚರಿಕೆ, ಅದ್ರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಬರತ್ತೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕೋ ಮೊದಲು ಅಳಿಸಿ.

ಇನ್ನೊಂದು ವಿಷ್ಯ, ಶೆಲ್ಲಲ್ಲಿ ಸರಿ ಇದೆ ಅಂದ ಮಾತ್ರಕ್ಕೆ ಸರ್ವರಲ್ಲೂ ಸರಿ ಇದೆ ಅಂತಲ್ಲ. ಮ್ಯಾನೇಜ್ ಫೈಲಲ್ಲೂ ಡಬ್ಲ್ಯುಎಸ್‌ಜಿಐ ಫೈಲಲ್ಲೂ (ವೆಬ್ ಸರ್ವರ್ ನಿಮ್ಮ ಆ್ಯಪನ್ನ ಶುರು ಮಾಡೋ ಫೈಲ್) ಯಾವ ಸೆಟ್ಟಿಂಗ್ಸ್ ಮಾಡ್ಯೂಲ್ ಅಂತ ಬರೆದಿರತ್ತೆ, ಆದ್ರೆ ಅದು ‘ಸೆಟ್‌ಡಿಫಾಲ್ಟ್’ ಮಾತ್ರ, ಅಂದ್ರೆ ಎನ್ವಿರಾನ್‌ಮೆಂಟಲ್ಲಿ ಮೊದಲೇ ‘ಜಾಂಗೊ_ಸೆಟ್ಟಿಂಗ್ಸ್_ಮಾಡ್ಯೂಲ್’ ಅಂತ ಒಂದು ಬೆಲೆ ಇದ್ರೆ ಅದೇ ಗೆಲ್ಲತ್ತೆ. ನಿಮ್ಮ ಟರ್ಮಿನಲ್‌ಗೆ ಒಂದು ಎನ್ವಿರಾನ್‌ಮೆಂಟ್, ಗುನಿಕಾರ್ನ್ (ಆ್ಯಪ್ ಓಡಿಸೋ ವೆಬ್ ಸರ್ವರ್) ಓಡಿಸೋ ಸರ್ವಿಸ್‌ಗೆ ಇನ್ನೊಂದು, ಹಿನ್ನೆಲೆ ಕೆಲಸ ಮಾಡೋ ಸೆಲರಿ ವರ್ಕರ್‌ಗೆ ಮತ್ತೊಂದು, ಮೂರೂ ಬೇರೆ ಬೇರೆ ಇರಬಹುದು. ಅನುಮಾನ ಬಂದ್ರೆ ಅದೇ ‘ಸೆಟ್ಟಿಂಗ್ಸ್_ಡಿಕ್ಟ್’ ಇಂದ ನೇಮ್ ಮತ್ತೆ ಹೋಸ್ಟ್ ಎರಡನ್ನ ಮಾತ್ರ ತೆಗೆದು ಆ್ಯಪ್ ಸ್ಟಾರ್ಟ್ ಆಗೋವಾಗ ಲಾಗಿಗೆ ಬರೆಸಿ ನೋಡಿ. ವರ್ಕರ್‌ಗಳನ್ನ ರೀಸ್ಟಾರ್ಟ್ ಮಾಡಿದೀರಾ ಅಂತನೂ ನೋಡ್ಕೊಳ್ಳಿ, ಹಳೇ ಪ್ರಾಸೆಸ್ ಹಳೇ ಸೆಟ್ಟಿಂಗ್ಸನ್ನೇ ಹೊಟ್ಟೇಲಿ ಇಟ್ಕೊಂಡು ಓಡ್ತಾ ಇರತ್ತೆ.

‘ಡಿಫ್‌ಸೆಟ್ಟಿಂಗ್ಸ್’ ಅಂತ ಒಂದು ಕಮಾಂಡ್ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಜಾಂಗೊ ಡಿಫಾಲ್ಟ್‌ಗಿಂತ ನಿಮ್ಮ ಸೆಟ್ಟಿಂಗ್ಸ್ ಎಲ್ಲೆಲ್ಲಿ ಬೇರೆ ಅಂತ ತೋರಿಸತ್ತೆ, ‘ಆಲ್’ ಅನ್ನೋ ಆಪ್ಷನ್ ಕೊಟ್ರೆ ಡಿಫಾಲ್ಟಲ್ಲೇ ಇರೋದನ್ನೂ ಸೇರಿಸಿ ತೋರಿಸತ್ತೆ. ಅಪ್‌ಗ್ರೇಡಿಗೆ ಮುಂಚೆ ಒಂದ್ಸಲ ‘ಆಲ್’ ಹಾಕಿ ಓಡಿಸಿ ಒಂದು ಫೈಲಿಗೆ ಹಾಕಿಡಿ, ಆದ್ಮೇಲೆ ಇನ್ನೊಂದ್ಸಲ, ಎರಡನ್ನೂ ಡಿಫ್ ಮಾಡಿ. ನೀವು ಬರೆದೇ ಇಲ್ಲದ ಸೆಟ್ಟಿಂಗ್ ಒಂದರ ಡಿಫಾಲ್ಟ್ ಬೆಲೆ ಜಾಂಗೊ ಕಡೆಯಿಂದಲೇ ಬದಲಾಗಿದ್ರೆ ಅದು ಸಿಗೋದು ಇಲ್ಲೇ. ಕೆಳಗೆ ಅಂಥದ್ದು ಎರಡು ಮೂರು ಬರತ್ತೆ.

ಎಸ್‌ಕ್ಯೂಲೈಟ್ ಫೈಲ್ ಜಾಗ ಬದಲಾಗೋದು

ಮೇಲೆ ಹೇಳಿದ ಕಥೆಯ ಮೂಲ ಇದೇ. ಎಸ್‌ಕ್ಯೂಲೈಟ್ ಅಂದ್ರೆ ಪೂರ್ತಿ ಡೇಟಾಬೇಸ್ ಒಂದೇ ಫೈಲಲ್ಲಿ ಇರೋ ಥರದ್ದು. ಜಾಂಗೊ 3.1 ಬರೋವರೆಗೂ ಹೊಸ ಪ್ರಾಜೆಕ್ಟಿನ ಸೆಟ್ಟಿಂಗ್ಸಲ್ಲಿ ‘ಬೇಸ್_ಡಿರ್’ ಅನ್ನೋದು ಓಎಸ್ ಡಾಟ್ ಪಾತ್ ಬಳಸಿ ಬರೆದ ಒಂದು ಸ್ಟ್ರಿಂಗ್ ಆಗಿತ್ತು, 3.1ರಿಂದ ಅದು ಪಾತ್‌ಲಿಬ್‌ನ ಪಾತ್ ಆಬ್ಜೆಕ್ಟ್ ಆಯ್ತು, ಡೇಟಾಬೇಸ್ ನೇಮ್ ಬರೆಯೋ ಜಾಗದಲ್ಲಿ ಜಾಯಿನ್ ಬದ್ಲು ಒಂದು ಸ್ಲ್ಯಾಶ್ ಬಂತು. ನಿಮ್ಮ ಹಳೇ ಸೆಟ್ಟಿಂಗ್ಸ್ ಹಾಗೇ ಇದ್ರೆ ಏನೂ ಆಗಲ್ಲ, ಇವತ್ತಿಗೂ ಕೆಲಸ ಮಾಡತ್ತೆ. ತೊಂದ್ರೆ ಆಗೋದು ಅರ್ಧ ಹಳೇದು ಅರ್ಧ ಹೊಸದು ಸೇರಿಸಿದಾಗ. ಮೇಲ್ಗಡೆ ‘ಬೇಸ್_ಡಿರ್’ ಹಳೇ ಸ್ಟ್ರಿಂಗೇ ಇದೆ, ಕೆಳಗಡೆ ಡೇಟಾಬೇಸ್ ಭಾಗ ಮಾತ್ರ ಹೊಸ ಟೆಂಪ್ಲೇಟಿಂದ ಕಾಪಿ ಮಾಡಿದೀರಿ, ಆಗ ಎರಡು ಸ್ಟ್ರಿಂಗ್ ಮಧ್ಯೆ ಸ್ಲ್ಯಾಶ್ ಹಾಕೋಕಾಗಲ್ಲ ಅಂತ ಟೈಪ್ ಎರರ್ ಬರತ್ತೆ. ಇದು ಒಳ್ಳೇ ಎರರ್, ಕಣ್ಣಿಗೆ ಕಾಣತ್ತೆ, ‘ಬೇಸ್_ಡಿರ್’ ಸಾಲನ್ನೂ ಹೊಸದು ಮಾಡಿದ್ರೆ ಮುಗೀತು.

ಕಣ್ಣಿಗೆ ಕಾಣದೇ ಇರೋದು ಇನ್ನೊಂದಿದೆ. ಬಹಳ ಪ್ರಾಜೆಕ್ಟಲ್ಲಿ ಸೆಟ್ಟಿಂಗ್ಸ್ ಒಂದೇ ಫೈಲಾಗಿ ಉಳಿದಿರಲ್ಲ, ಸೆಟ್ಟಿಂಗ್ಸ್ ಅಂತ ಫೋಲ್ಡರ್ ಮಾಡಿ ಒಳಗೆ ಬೇಸ್, ಲೋಕಲ್, ಪ್ರೊಡಕ್ಷನ್ ಅಂತ ಮೂರು ಫೈಲ್ ಇರತ್ತೆ. ಫೈಲ್ ಒಂದು ಮೆಟ್ಟಿಲು ಒಳಗೆ ಹೋಗಿರೋದ್ರಿಂದ ‘ಬೇಸ್_ಡಿರ್’ ಲೆಕ್ಕದಲ್ಲೂ ಒಂದು ಪೇರೆಂಟ್ ಜಾಸ್ತಿ ಬೇಕು, ಎರಡಲ್ಲ ಮೂರು. ಹಿಂದೆ ಯಾರೋ ಅದನ್ನ ಸರಿಯಾಗಿ ಬರೆದಿರ್ತಾರೆ, ಅಪ್‌ಗ್ರೇಡ್ ಹೊತ್ತಲ್ಲಿ ಹೊಸ ಟೆಂಪ್ಲೇಟಿನ ಸಾಲು ತಂದು ಅಂಟಿಸಿದಾಗ ಅದ್ರಲ್ಲಿ ಪೇರೆಂಟ್ ಎರಡೇ ಇರತ್ತೆ, ಅಲ್ಲಿಗೆ ಡೇಟಾಬೇಸ್ ಪಾತ್ ಒಂದು ಫೋಲ್ಡರ್ ಒಳಗೆ ಜರುಗಿತು. ಎಸ್‌ಕ್ಯೂಲೈಟ್ ಆ ಜಾಗದಲ್ಲಿ ಫೈಲ್ ಇಲ್ಲ ಅಂತ ಬೈಯಲ್ಲ, ಸುಮ್ನೆ ಒಂದು ಖಾಲಿ ಫೈಲ್ ಹುಟ್ಟಿಸಿ ಕನೆಕ್ಷನ್ ಕೊಡತ್ತೆ. ಎರರ್ ಬರೋದು ಮೊದಲ ಕ್ವೆರಿಗೆ, ಅದೂ ಟೇಬಲ್ ಇಲ್ಲ ಅಂತ, ಫೈಲ್ ತಪ್ಪು ಅಂತಲ್ಲ. ಓದೋರು ಸಹಜವಾಗಿ ಮೈಗ್ರೇಶನ್ ಬಾಕಿ ಇದೆ ಅಂದ್ಕೊಳ್ತಾರೆ.

ಇದೇ ಥರದ್ದು ಸಿಮ್‌ಲಿಂಕಲ್ಲೂ (ಬೇರೆ ಕಡೆ ಇರೋ ಫೈಲನ್ನ ತೋರಿಸೋ ಶಾರ್ಟ್‌ಕಟ್) ಆಗತ್ತೆ. ಹಳೇ ಶೈಲಿಯ ‘ಆ್ಯಬ್ಸ್‌ಪಾತ್’ ಸಿಮ್‌ಲಿಂಕನ್ನ ಬಿಡಿಸಲ್ಲ, ಹೊಸ ಶೈಲಿಯ ‘ರಿಸಾಲ್ವ್’ ಬಿಡಿಸತ್ತೆ. ನಿಮ್ಮ ಸೆಟ್ಟಿಂಗ್ಸ್ ಫೈಲೇ ಬೇರೆ ಕಡೆಯಿಂದ ಲಿಂಕ್ ಆಗಿ ಪ್ರಾಜೆಕ್ಟ್ ಫೋಲ್ಡರಲ್ಲಿ ಕೂತಿದ್ರೆ ಮೊದಲು ‘ಬೇಸ್_ಡಿರ್’ ಪ್ರಾಜೆಕ್ಟ್ ಫೋಲ್ಡರ್ ಆಗಿತ್ತು, ಈಗ ಫೈಲ್ ನಿಜವಾಗಿ ಇರೋ ಜಾಗದ ಲೆಕ್ಕ ಆಗೋಯ್ತು.

ಹಾಗಾಗಿ ಖಾಲಿ ಟೇಬಲ್ ಕಂಡ್ರೆ ಮಾಡ್ಬೇಕಾದ್ದು ಇಷ್ಟು, ಆ ಮಷೀನಲ್ಲಿ ಎಷ್ಟು ಎಸ್‌ಕ್ಯೂಲೈಟ್ ಫೈಲ್ ಇದೆ ಹುಡುಕಿ, ಸೈಜ್ ಮತ್ತೆ ತಾರೀಖು ನೋಡಿ. 0 ಬೈಟ್ ಫೈಲ್ ಒಂದು ಇವತ್ತಿನ ತಾರೀಖಲ್ಲಿ ಸಿಕ್ಕಿದ್ರೆ ರೋಗ ಸಿಕ್ತು. ಪಾತ್ ಸರಿ ಮಾಡಿ, ಖಾಲಿ ಫೈಲನ್ನ ಅಳಿಸದೇ ಹೆಸರು ಬದಲಾಯಿಸಿ ಪಕ್ಕಕ್ಕಿಡಿ, ಯಾರಾದ್ರೂ ಅಷ್ಟರಲ್ಲಿ ಅದಕ್ಕೆ ಏನಾದ್ರೂ ಬರೆದಿರ್ಬಹುದು.

ಇಂಜಿನ್ ಹೆಸರು ಬೇರೆ, ಡ್ರೈವರ್ ಬೇರೆ

ಇಂಜಿನ್ ಅಂದ್ರೆ ಯಾವ ಡೇಟಾಬೇಸ್ ಅಂತ ಜಾಂಗೊಗೆ ಹೇಳೋ ಹೆಸರು, ಡ್ರೈವರ್ ಅಂದ್ರೆ ಅದರ ಜೊತೆ ಮಾತಾಡೋಕೆ ಬೇಕಾದ ಪೈಥಾನ್ ಪ್ಯಾಕೇಜ್. ಪೋಸ್ಟ್‌ಗ್ರೆಸ್ (ಪೋಸ್ಟ್‌ಗ್ರೆಎಸ್‌ಕ್ಯೂಎಲ್) ಬಳಸೋರಿಗೆ ಬಹಳ ಗೊಂದಲ ಆಗೋ ಜಾಗ ಇದು. ಮೊದಲೆಲ್ಲ ಇಂಜಿನ್ ಹೆಸರಿನ ಕೊನೇಲಿ ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್_ಸೈಕೋಪಿಜಿ2’ ಅಂತ ಇರ್ತಿತ್ತು. 1.9ರಲ್ಲಿ ಅದನ್ನ ಬರೀ ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್’ ಅಂತ ಮಾಡಿದ್ರು, ಹಳೇ ಹೆಸರೂ ನಡೀತಾ ಇತ್ತು, 3.0ರಲ್ಲಿ ಹಳೇ ಹೆಸರಿನ ಮಾಡ್ಯೂಲನ್ನ ತೆಗೆದ್ರು, ಆದ್ರೆ ಅದು ತಾಗೋದು ಆ ಮಾಡ್ಯೂಲನ್ನ ನೇರವಾಗಿ ಇಂಪೋರ್ಟ್ ಮಾಡೋ ಕೋಡಿಗೆ ಮಾತ್ರ, ಇಂಜಿನ್ ಸಾಲಲ್ಲಿ ಹಳೇ ಹೆಸರಿದ್ರೂ ನಡೀತಾ ಇದೆ. ಇಂಜಿನ್ ಹೆಸರೇ ತಪ್ಪಾಗಿದ್ರೆ ಬರೋ ಎರರ್ ‘ಇಂಪ್ರಾಪರ್ಲಿ ಕಾನ್ಫಿಗರ್ಡ್’, ಈ ಬ್ಯಾಕೆಂಡ್ ಲಭ್ಯ ಇಲ್ಲ ಇಲ್ಲಾ ಇಂಪೋರ್ಟ್ ಮಾಡೋಕಾಗ್ಲಿಲ್ಲ ಅಂತ, ಕೆಳಗೆ ಮೈಎಸ್‌ಕ್ಯೂಎಲ್, ಒರಾಕಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್3 ಈ ನಾಲ್ಕರಲ್ಲಿ ಒಂದು ಬಳಸಿ ಅಂತ ಪಟ್ಟಿ. ಇಂಜಿನ್ ಸಾಲಲ್ಲಿ ಹೆಸರು ತಿದ್ದಿದ್ರೆ ಸರಿ ಹೋಗತ್ತೆ.

ಆದ್ರೆ 3.0ರ ಆ ಬದಲಾವಣೆ ಓದಿ ಸೈಕೋಪಿಜಿ2 ಡ್ರೈವರ್ ಪ್ಯಾಕೇಜನ್ನೇ ಅನ್‌ಇನ್‌ಸ್ಟಾಲ್ ಮಾಡಿದೋರನ್ನ ನೋಡಿದೀನಿ. ತೆಗೆದಿದ್ದು ಜಾಂಗೊ ಒಳಗಿನ ಒಂದು ಮಾಡ್ಯೂಲ್ ಹೆಸರು ಮಾತ್ರ, ಡ್ರೈವರ್ ಬೇಕೇ ಬೇಕು. ಡ್ರೈವರ್ ಇಲ್ದಿದ್ರೆ ಬರೋ ಎರರಿನ ಹೆಸರೂ ‘ಇಂಪ್ರಾಪರ್ಲಿ ಕಾನ್ಫಿಗರ್ಡ್’ ಅಂತಲೇ, ಒಳಗಿನ ಮಾತು ಮಾತ್ರ ಬೇರೆ, ಮಾಡ್ಯೂಲ್ ಲೋಡ್ ಮಾಡೋಕಾಗ್ಲಿಲ್ಲ ಅಂತ. ಆದ್ರಿಂದ ಟ್ರೇಸ್‌ಬ್ಯಾಕಿನ ಕೊನೇ ಸಾಲಿನ ಮೊದಲ ಪದ ನೋಡಿ ತೀರ್ಮಾನಕ್ಕೆ ಬರ್ಬೇಡಿ, ಪೂರ್ತಿ ಸಾಲು ಓದಿ, ಮೇಲೆ ಇನ್ನೊಂದು ಟ್ರೇಸ್‌ಬ್ಯಾಕ್ ಇದ್ರೆ ಅದನ್ನೂ ಓದಿ, ನಿಜವಾದ ಕಾರಣ ಸಾಮಾನ್ಯವಾಗಿ ಮೇಲಿನದ್ರಲ್ಲೇ ಇರತ್ತೆ. ಜಾಂಗೊ ಜೊತೆಗೆ ಪೈಥಾನ್ ವರ್ಶನ್ನೂ ಏರಿಸಿದ್ರೆ ವರ್ಚುಯಲ್ ಎನ್ವಿರಾನ್‌ಮೆಂಟ್ ಹೊಸದಾಗಿರತ್ತೆ, ಅದ್ರಲ್ಲಿ ಡ್ರೈವರ್ ಹಾಕೋದು ಮರೆತಿರೋದೂ ಇರತ್ತೆ.

4.2ರಿಂದ ಸೈಕೋಪಿಜಿ 3ಕ್ಕೂ ಸಪೋರ್ಟ್ ಬಂತು. ಇಲ್ಲಿ ಸೂಕ್ಷ್ಮ ಒಂದಿದೆ, ಎರಡೂ ಡ್ರೈವರ್ ಇನ್‌ಸ್ಟಾಲ್ ಆಗಿದ್ರೆ ಜಾಂಗೊ ಮೊದಲು 3ನ್ನೇ ಹಿಡಿಯತ್ತೆ, ಸಿಗದಿದ್ರೆ ಮಾತ್ರ 2. ಬೇರೆ ಯಾವುದೋ ಪ್ಯಾಕೇಜ್ ತನ್ನ ಅಗತ್ಯಕ್ಕೆ 3ನ್ನ ಎಳ್ಕೊಂಡು ಬಂದಿದ್ರೆ ನಿಮಗೆ ಗೊತ್ತೇ ಇಲ್ದೆ ಡ್ರೈವರ್ ಬದಲಾಗಿರತ್ತೆ, ಸೆಟ್ಟಿಂಗ್ಸಲ್ಲಿ ಒಂದು ಚುಕ್ಕಿನೂ ಬದಲಾಗಿರಲ್ಲ. ಓಆರ್‌ಎಂ (ಪೈಥಾನ್ ಕೋಡಿಂದ ಎಸ್‌ಕ್ಯೂಎಲ್ ತಾನಾಗೇ ಬರೆಯೋ ಜಾಂಗೊ ಭಾಗ) ಮೂಲಕ ಹೋಗೋ ಕ್ವೆರಿಗಳು ನಡೀತವೆ, ಕೈಯಲ್ಲಿ ಬರೆದ ರಾ ಎಸ್‌ಕ್ಯೂಎಲ್ ಮುರಿಯತ್ತೆ. ಮುಖ್ಯವಾಗಿ ‘ಇನ್’ ಪಕ್ಕದಲ್ಲಿ ಒಂದು ಟ್ಯೂಪಲ್ ಕೊಡೋದು 2ರಲ್ಲಿ ನಡೀತಿತ್ತು, 3ರಲ್ಲಿ ಸಿಂಟ್ಯಾಕ್ಸ್ ಎರರ್ ಬರತ್ತೆ, ಅದನ್ನ ‘ಈಕ್ವಲ್ ಎನಿ’ ಅಂತ ಬರೆದು ಟ್ಯೂಪಲ್ ಬದ್ಲು ಲಿಸ್ಟ್ ಕೊಡ್ಬೇಕು. ಅಪ್‌ಗ್ರೇಡ್ ಆದ್ಮೇಲೆ ಎಲ್ಲ ಪೇಜ್ ಚೆನ್ನಾಗಿದೆ, ರಿಪೋರ್ಟ್ ಪೇಜ್ ಮಾತ್ರ ಬೀಳ್ತಿದೆ ಅಂದ್ರೆ ನಾನು ಮೊದಲು ನೋಡೋದು ಪಿಪ್ ಲಿಸ್ಟಲ್ಲಿ ಸೈಕೋಪಿಜಿ ಎಷ್ಟಿದೆ ಅಂತ.

ಮೈಎಸ್‌ಕ್ಯೂಎಲ್ ಕಡೆ, ಪೈಮೈಎಸ್‌ಕ್ಯೂಎಲ್ ಹಾಕ್ಕೊಂಡು ಅದು ಮೈಎಸ್‌ಕ್ಯೂಎಲ್‌ಡಿಬಿ ಅಂತ ನಟಿಸೋ ಹಾಗೆ ಮಾಡಿರೋ ಪ್ರಾಜೆಕ್ಟ್‌ಗಳು ಬಹಳ. ಜಾಂಗೊ ಅದಕ್ಕೆ ಅಧಿಕೃತ ಸಪೋರ್ಟ್ ಕೊಡಲ್ಲ, ಪ್ರತಿ ಅಪ್‌ಗ್ರೇಡಲ್ಲೂ ಮೈಎಸ್‌ಕ್ಯೂಎಲ್‌ಕ್ಲೈಂಟ್ ಇಷ್ಟು ವರ್ಶನ್ ಬೇಕು ನಿಮ್ಮಲ್ಲಿರೋದು ಹಳೇದು ಅಂತ ನಿಲ್ಸತ್ತೆ. ವರ್ಶನ್ ನಂಬರನ್ನ ಕೈಯಲ್ಲಿ ಸುಳ್ಳು ಬರೆದು ದಾಟೋ ಉಪಾಯ ಎಲ್ಲ ಕಡೆ ಸಿಗತ್ತೆ, ನಾನಂತೂ ಅದನ್ನ ಪ್ರೊಡಕ್ಷನ್‌ಗೆ ಒಪ್ಪಲ್ಲ, ಮೈಎಸ್‌ಕ್ಯೂಎಲ್‌ಕ್ಲೈಂಟ್ ಹಾಕಿ, ಕಂಪೈಲ್ ಆಗೋಕೆ ಬೇಕಾದ ಡೆವಲಪ್‌ಮೆಂಟ್ ಲೈಬ್ರರಿ ಹಾಕಿ, ಒಂದ್ಸಲದ ಕಷ್ಟ ಅದು.

ತುಂಬ ಹಳೇ ಪ್ರಾಜೆಕ್ಟ್ ಕೈಗೆ ಬಂದಿದ್ರೆ, ಡೇಟಾಬೇಸ್ ಇಂಜಿನ್, ನೇಮ್, ಯೂಸರ್ ಎಲ್ಲ ಬಿಡಿ ಬಿಡಿ ಸಾಲಾಗಿ ಇರತ್ತೆ. 2010ರ 1.2ರಲ್ಲಿ ಅವನ್ನೆಲ್ಲ ‘ಡೇಟಾಬೇಸಸ್’ ಅನ್ನೋ ಒಂದು ಡಿಕ್ಷನರಿಗೆ ತಂದ್ರು, 2012ರ 1.4ರಲ್ಲಿ ಹಳೇ ರೀತಿ ಪೂರ್ತಿ ಹೋಯ್ತು. ಅಂಥ ಫೈಲನ್ನ ಹೊಸ ಜಾಂಗೊ ಓದಿದ್ರೆ ‘ಇಂಜಿನ್ ಬೆಲೆ ಕೊಡಿ’ ಅಂತ ಕೇಳತ್ತೆ, ನೀವು ಕೊಟ್ಟಿದೀರಲ್ಲ ಅಂತ ಅನ್ಸತ್ತೆ, ಅದು ನೋಡ್ತಿರೋ ಜಾಗದಲ್ಲಿ ಕೊಟ್ಟಿಲ್ಲ ಅಷ್ಟೇ. ಇದ್ರ ಜೊತೆಗೇ ಇನ್ನೊಂದು ನೆನಪಿಟ್ಕೊಳ್ಳಿ, ಆ ಡಿಕ್ಷನರಿ ಒಳಗೆ ತನಗೆ ಗೊತ್ತಿಲ್ಲದ ಕೀ ಇದ್ರೆ ಜಾಂಗೊ ಬಾಯಿ ಬಿಡಲ್ಲ, ಸುಮ್ನೆ ದಾಟಿ ಹೋಗತ್ತೆ. ‘ಟೆಸ್ಟ್_ನೇಮ್’ ಅಂತಿದ್ದ ಕೀಯನ್ನ 1.7ರಲ್ಲಿ ‘ಟೆಸ್ಟ್’ ಅನ್ನೋ ಒಳಡಿಕ್ಷನರಿಗೆ ಸೇರಿಸಿದ್ರು, 1.9ರಿಂದ ಹಳೇ ಕೀ ಓದೋದೇ ಇಲ್ಲ, ನೀವು ಕೊಟ್ಟ ಹೆಸರು ಬಿಟ್ಟು ಮುಂದೆ ‘ಟೆಸ್ಟ್_’ ಸೇರಿಸಿದ ಡಿಫಾಲ್ಟ್ ಹೆಸರಲ್ಲಿ ಟೆಸ್ಟ್ ಡೇಟಾಬೇಸ್ ಮಾಡೋಕೆ ಹೊರಡತ್ತೆ, ಯೂಸರ್‌ಗೆ ಆ ಪರ್ಮಿಶನ್ ಇಲ್ದಿದ್ರೆ ಟೆಸ್ಟ್‌ಗಳೆಲ್ಲ ಒಟ್ಟಿಗೇ ಬೀಳತ್ತೆ.

ಡೇಟಾಬೇಸ್ ಸರ್ವರೇ ಹಳೇದಾಗಿದ್ರೆ

ಇದಕ್ಕೆ ಕಾನ್ಫಿಗ್ ಎಷ್ಟು ತಿದ್ದಿದ್ರೂ ಪರಿಹಾರ ಇಲ್ಲ. ಪ್ರತಿ ಜಾಂಗೊಗೂ ಕನಿಷ್ಠ ಸರ್ವರ್ ವರ್ಶನ್ ಅಂತಿದೆ. 4.2ಕ್ಕೆ ಪೋಸ್ಟ್‌ಗ್ರೆಸ್ 12, ಮೈಎಸ್‌ಕ್ಯೂಎಲ್ 8, ಮಾರಿಯಾಡಿಬಿ 10.4. 5.1ಕ್ಕೆ ಪೋಸ್ಟ್‌ಗ್ರೆಸ್ 13, ಮಾರಿಯಾಡಿಬಿ 10.5, ಎಸ್‌ಕ್ಯೂಲೈಟ್ 3.31. 5.2ಕ್ಕೆ ಪೋಸ್ಟ್‌ಗ್ರೆಸ್ 14. ಈಗಿನ ಜಾಂಗೊ ಕನೆಕ್ಟ್ ಆಗುವಾಗಲೇ ನೋಡಿ ‘ನಾಟ್ ಸಪೋರ್ಟೆಡ್ ಎರರ್’ ಕೊಡತ್ತೆ, ಇಷ್ಟು ಬೇಕು ಸಿಕ್ಕಿದ್ದು ಇಷ್ಟು ಅಂತ ನಂಬರ್ ಸಮೇತ. ಎಸ್‌ಕ್ಯೂಲೈಟ್ ವಿಷಯದಲ್ಲಿ ಸರ್ವರ್ ಅಂತಿಲ್ಲ, ಆಪರೇಟಿಂಗ್ ಸಿಸ್ಟಮ್ ಜೊತೆ ಬಂದ ಲೈಬ್ರರಿ ವರ್ಶನ್ ಲೆಕ್ಕ, ಹಳೇ ಲಿನಕ್ಸ್ ಮೇಲೆ ಹೊಸ ಜಾಂಗೊ ಹಾಕಿದಾಗ ಇದು ಸಿಕ್ಕಾಕಿಕೊಳ್ಳತ್ತೆ.

ಸರಿ ಅಂತ ಪೋಸ್ಟ್‌ಗ್ರೆಸ್ಸನ್ನೂ ಏರಿಸ್ತೀರಿ, 15 ಇಲ್ಲಾ ಮೇಲಿನದು ಹಾಕಿ ಹೊಸ ಡೇಟಾಬೇಸ್ ಕ್ರಿಯೇಟ್ ಮಾಡ್ತೀರಿ, ಮೈಗ್ರೇಟ್ ಮಾಡಿದ್ರೆ ‘ಪರ್ಮಿಶನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’. ಇದನ್ನ ಜಾಂಗೊ ತಪ್ಪು ಅಂತ ಹುಡುಕ್ತಾ ಹೋದ್ರೆ ಸಿಗಲ್ಲ. ಪೋಸ್ಟ್‌ಗ್ರೆಸ್ 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ ಎಲ್ಲ ಯೂಸರ್‌ಗಳೂ ಟೇಬಲ್ ಮಾಡಬಹುದು ಅನ್ನೋ ಹಳೇ ಸೌಲಭ್ಯ ತೆಗೆದಿದಾರೆ, ಹೊಸದಾಗಿ ಮಾಡಿದ ಡೇಟಾಬೇಸಿಗೆ ಅದು ಅನ್ವಯ, ಹಳೇದನ್ನ ಅಪ್‌ಗ್ರೇಡ್ ಮಾಡಿ ತಂದಿದ್ರೆ ಹಳೇ ಪರ್ಮಿಶನ್ ಉಳಿಯತ್ತೆ. ಒಂದೇ ಕೋಡ್ ಸ್ಟೇಜಿಂಗಲ್ಲಿ ಬಿದ್ದು ಪ್ರೊಡಕ್ಷನಲ್ಲಿ ನಡೆಯೋಕೆ ಇದೇ ಕಾರಣ ಆಗಿರತ್ತೆ. ಆ್ಯಪ್ ಯೂಸರನ್ನೇ ಆ ಡೇಟಾಬೇಸಿನ ಓನರ್ ಮಾಡೋದು ಸರಳ ದಾರಿ, ಇಲ್ಲಾ ಆ ಸ್ಕೀಮಾ ಮೇಲೆ ಕ್ರಿಯೇಟ್ ಗ್ರಾಂಟ್ ಕೊಡಿ.

ಡಿಫಾಲ್ಟ್ ಬದಲಾದಾಗ, ಎರರ್ ಬರದೇ ಇರೋವು

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇವುಗಳದ್ದೇ.

‘ಡಿಫಾಲ್ಟ್_ಆಟೋ_ಫೀಲ್ಡ್’ ತಗೊಳ್ಳಿ, ತಾನಾಗೇ ಹುಟ್ಟೋ ಐಡಿ ಕಾಲಮ್ ಯಾವ ಥರದ್ದು ಅಂತ ಹೇಳೋ ಸೆಟ್ಟಿಂಗ್. 2021ರ 3.2ರಲ್ಲಿ ಬಂತು, ಸೆಟ್ಟಿಂಗ್ಸಲ್ಲಿ ಇಲ್ದಿದ್ರೆ ಪ್ರತಿ ಮಾಡೆಲ್‌ಗೂ ‘ಡಬ್ಲ್ಯು042’ ಅಂತ ಒಂದು ವಾರ್ನಿಂಗ್, ನೂರು ಮಾಡೆಲ್ ಇದ್ರೆ ನೂರು ವಾರ್ನಿಂಗ್. ಅದನ್ನ ನಿಲ್ಸೋಕೆ ಅಂತ ಜನ ಹೊಸ ಟೆಂಪ್ಲೇಟಲ್ಲಿರೋ ಬಿಗ್ ಆಟೋ ಫೀಲ್ಡ್ ಸಾಲನ್ನ ಕಾಪಿ ಮಾಡಿ ಅಂಟಿಸ್ತಾರೆ. ವಾರ್ನಿಂಗ್ ನಿಲ್ಲತ್ತೆ, ಆದ್ರೆ ಮುಂದಿನ ಸಲ ‘ಮೇಕ್‌ಮೈಗ್ರೇಶನ್ಸ್’ ಅಂದ ಕೂಡ್ಲೇ ಎಲ್ಲ ಟೇಬಲ್ಲಿನ ಐಡಿ ಕಾಲಮ್ಮೂ ಇಂಟಿಜರಿಂದ ಬಿಗ್‌ಇಂಟಿಗೆ ಬದಲಾಗೋ ಮೈಗ್ರೇಶನ್ ಹುಟ್ಟತ್ತೆ. ದೊಡ್ಡ ಟೇಬಲ್ ಮೇಲೆ ಅದು ಓಡಿದ್ರೆ ಪೂರ್ತಿ ಟೇಬಲ್ ಮತ್ತೆ ಬರೆಯೋ ಕೆಲಸ, ಅಷ್ಟು ಹೊತ್ತು ಲಾಕ್. ಮೈಎಸ್‌ಕ್ಯೂಎಲ್ 8ರಲ್ಲಿ ಒಂದು ಕಡೆ ಬಿಗ್‌ಇಂಟ್ ಆಗಿ ಇನ್ನೊಂದು ಕಡೆ ಫಾರಿನ್ ಕೀ ಇಂಟ್ ಆಗೇ ಉಳಿದ್ರೆ 3780 ನಂಬರಿನ ಎರರ್, ಎರಡು ಕಾಲಮ್ ಹೊಂದಲ್ಲ ಅಂತ.

ಅದಕ್ಕಿಂತ ಗುಪ್ತವಾಗಿ ಆಗೋದು ಏನಂದ್ರೆ, ನೀವು ಪಿಪ್‌ನಿಂದ ಹಾಕಿರೋ ಹೊರಗಿನ ಆ್ಯಪ್ ಯಾವುದಾದ್ರೂ ತನ್ನ ಫೀಲ್ಡ್ ಯಾವುದು ಅಂತ ಹೇಳ್ಕೊಂಡಿಲ್ಲದಿದ್ರೆ ನಿಮ್ಮ ಸೆಟ್ಟಿಂಗ್ ಅದಕ್ಕೂ ತಾಗತ್ತೆ, ‘ಮೇಕ್‌ಮೈಗ್ರೇಶನ್ಸ್’ ಅದರ ಮೈಗ್ರೇಶನ್ ಫೈಲನ್ನ ಸೈಟ್ ಪ್ಯಾಕೇಜಸ್ ಒಳಗೆ ಬರೆಯತ್ತೆ. ಆ ಫೈಲ್ ನಿಮ್ಮ ಗಿಟ್ಟಲ್ಲಿ ಇರಲ್ಲ. ನಿಮ್ಮ ಮಷೀನಲ್ಲಿ ನಡೆಯತ್ತೆ, ಸರ್ವರಲ್ಲಿ ಹೊಸದಾಗಿ ಇನ್‌ಸ್ಟಾಲ್ ಆದಾಗ ಆ ಫೈಲೇ ಇಲ್ಲ, ನಿಮ್ಮ ಸ್ವಂತ ಮೈಗ್ರೇಶನ್ ಯಾವುದಾದ್ರೂ ಅದರ ಮೇಲೆ ಡಿಪೆಂಡ್ ಆಗಿದ್ರೆ ‘ನೋಡ್ ನಾಟ್ ಫೌಂಡ್ ಎರರ್’. ಇದನ್ನ ಒಂದ್ಸಲ ಅನುಭವಿಸಿದೋರು ಯಾವತ್ತೂ ಮರೆಯಲ್ಲ.

ಹಾಗಾಗಿ ಹಳೇ ಪ್ರಾಜೆಕ್ಟಿಗೆ ನನ್ನ ಮಾತು, ಮೊದಲು ‘ಡಿಫಾಲ್ಟ್_ಆಟೋ_ಫೀಲ್ಡ್’ಗೆ ಬರೀ ಆಟೋ ಫೀಲ್ಡ್ ಅಂತ ಸ್ಪಷ್ಟವಾಗಿ ಬರೆಯಿರಿ. ಇದ್ದದ್ದು ಇದ್ದ ಹಾಗೇ ಉಳಿಯತ್ತೆ. ಆಮೇಲೆ ಬೇಕಾದ ಆ್ಯಪ್ ಒಂದೊಂದಕ್ಕೇ ಅದರ ಆ್ಯಪ್ ಕಾನ್ಫಿಗಲ್ಲಿ ಬಿಗ್ ಆಟೋ ಫೀಲ್ಡ್ ಹಾಕ್ಕೊಂಡು ಹೋಗಬಹುದು. ಇಂಟಿಜರ್ ಐಡಿ 2147483647ರವರೆಗೆ ಹೋಗತ್ತೆ, ಆ ಹತ್ರಕ್ಕೆ ಬಂದಿರೋ ಟೇಬಲ್ ನಿಮ್ಮಲ್ಲಿದ್ರೆ ಅದಕ್ಕೆ ಮೊದಲು ಮಾಡಿ, ಬೇರೆದಕ್ಕೆ ಅವಸರ ಇಲ್ಲ. ಇದನ್ನ ಈಗಲೇ ಬರೆದಿಡೋಕೆ ಇನ್ನೊಂದು ಕಾರಣ, 6.0ರಲ್ಲಿ ಡಿಫಾಲ್ಟೇ ಬಿಗ್ ಆಟೋ ಫೀಲ್ಡ್ ಆಗಿದೆ, ಅಂದ್ರೆ ಏನೂ ಬರೆಯದೇ ಬಿಟ್ಟೋರಿಗೆ ಆ ಬದಲಾವಣೆ ತಾನಾಗೇ ಬಂದು ಬೀಳತ್ತೆ.

ಎರಡನೇದು ‘ಯೂಸ್_ಟಿಝಡ್’, ಟೈಮ್ ಝೋನ್ ಲೆಕ್ಕ ಇಡಬೇಕಾ ಅನ್ನೋ ಸೆಟ್ಟಿಂಗ್. 5.0ರಲ್ಲಿ ಇದರ ಡಿಫಾಲ್ಟ್ ಫಾಲ್ಸಿಂದ ಟ್ರೂ ಆಯ್ತು. ಪ್ರಾಜೆಕ್ಟ್ ಟೆಂಪ್ಲೇಟಲ್ಲಿ ಇದು ಬಹಳ ಹಿಂದಿಂದನೂ ಟ್ರೂ ಅಂತಲೇ ಬರ್ತಿರೋದ್ರಿಂದ ಹೆಚ್ಚಿನೋರಿಗೆ ಏನೂ ಆಗಲ್ಲ, ಸೆಟ್ಟಿಂಗ್ಸನ್ನ ಚಿಕ್ಕದು ಮಾಡೋಕೆ ಆ ಸಾಲು ಅಳಿಸಿದೋರಿಗೆ ಆಗತ್ತೆ. ಮೈಎಸ್‌ಕ್ಯೂಎಲ್ ಮತ್ತೆ ಎಸ್‌ಕ್ಯೂಲೈಟಲ್ಲಿ ಜಾಂಗೊ ಟೈಮ್ ಝೋನ್ ಇಲ್ದೇ ಬರೀ ಗಡಿಯಾರದ ಟೈಮ್ ಇಡತ್ತೆ, ಮೊದಲು ಬರೆದದ್ದು ಲೋಕಲ್ ಟೈಮ್, ಈಗ ಜಾಂಗೊ ಅದನ್ನೇ ಯುಟಿಸಿ ಅಂತ ಓದತ್ತೆ. ಹಳೇ ರೆಕಾರ್ಡ್‌ಗಳ ಟೈಮೆಲ್ಲ ಒಂದೇ ಅಳತೇಲಿ ಜರುಗಿರೋ ಹಾಗೆ ಕಾಣತ್ತೆ. ಟೈಮ್ ತಪ್ಪಾಗಿದೆ ಅಂತ ಯಾರೋ ಅಪ್‌ಡೇಟ್ ಕ್ವೆರಿ ಬರೆದು ಡೇಟಾ ತಿದ್ದೋಕೆ ಹೊರಟ್ರೆ ತಡೀರಿ, ಡೇಟಾ ಸರಿಯಾಗೇ ಇದೆ, ಓದೋ ಕನ್ನಡಕ ಬದಲಾಗಿದೆ. ‘ಯೂಸ್_ಟಿಝಡ್’ ಫಾಲ್ಸ್ ಅಂತ ಬರೆದ್ರೆ ಹಳೇ ಸ್ಥಿತಿಗೆ ವಾಪಸ್. ಟ್ರೂನೇ ಬೇಕು ಅಂದ್ರೆ ‘ಡೇಟಾಬೇಸಸ್’ ಒಳಗೆ ಆ ಡೇಟಾಬೇಸಿಗೆ ಅಂತ ಬೇರೆ ‘ಟೈಮ್_ಝೋನ್’ ಕೀ ಇದೆ, ಒಳಗಿರೋ ಟೈಮ್ ಯಾವ ಝೋನಿನದ್ದು ಅಂತ ಅಲ್ಲಿ ಹೇಳಬಹುದು. ಹೊರಗಡೆ ಅದೇ ಹೆಸರಿನ ಸೆಟ್ಟಿಂಗ್ ಇನ್ನೊಂದಿದೆ, ಅದಕ್ಕೂ ಇದಕ್ಕೂ ಗೊಂದಲ ಮಾಡ್ಕೋಬೇಡಿ.

ಮೈಎಸ್‌ಕ್ಯೂಎಲ್‌ದು ಇನ್ನೆರಡು, ಬೇಗ ಹೇಳಿಬಿಡ್ತೀನಿ. 2.0ರಲ್ಲಿ ಡಿಫಾಲ್ಟ್ ಐಸೊಲೇಶನ್ ಲೆವೆಲ್ (ಒಂದು ಟ್ರಾನ್ಸಾಕ್ಷನ್‌ಗೆ ಬೇರೆಯವರ ಬದಲಾವಣೆ ಎಷ್ಟು ಕಾಣ್ಬೇಕು ಅನ್ನೋದು) ರೀಡ್ ಕಮಿಟೆಡ್ ಆಯ್ತು, ಒಂದೇ ಟ್ರಾನ್ಸಾಕ್ಷನಲ್ಲಿ ಎರಡು ಸಲ ಓದಿದ್ರೆ ಒಂದೇ ಉತ್ತರ ಬರತ್ತೆ ಅಂತ ನಂಬಿ ಬರೆದ ಕೋಡ್ ಇದ್ರೆ ಅಲ್ಲಿ ನೋಡಿ. 5.2ರಲ್ಲಿ ಕನೆಕ್ಷನ್ನಿನ ಡಿಫಾಲ್ಟ್ ಅಕ್ಷರ ಸೆಟ್ ‘ಯುಟಿಎಫ್8’ ಇಂದ ‘ಯುಟಿಎಫ್8ಎಂಬಿ4’ ಆಯ್ತು. ಕನ್ನಡ ಅಕ್ಷರ ಪ್ರತಿಯೊಂದಕ್ಕೂ ಮೂರು ಬೈಟ್ ಸಾಕು, ಹಳೇ ಸೆಟ್ಟಲ್ಲೂ ಚೆನ್ನಾಗೇ ಕೂರ್ತಿತ್ತು, ಇಮೋಜಿಗೆ ನಾಲ್ಕು ಬೈಟ್ ಬೇಕು, ಅದಕ್ಕೇ ಕನ್ನಡ ಪೂರ್ತಿ ಸೇವ್ ಆಗಿ ಇಮೋಜಿ ಬಂದ ಕಡೆ ಮಾತ್ರ 1366 ಎರರ್ ಬರೋದು. ಕನೆಕ್ಷನ್ ಬದಲಾದ್ರೂ ಹಳೇ ಟೇಬಲ್ ತಾನಾಗೇ ಬದಲಾಗಲ್ಲ, ಟೇಬಲ್ಲನ್ನ ಬೇರೆಯಾಗಿ ಕನ್ವರ್ಟ್ ಮಾಡ್ಬೇಕು.

ಲೋಡ್ ಬಂದಾಗ ಮಾತ್ರ ಬೀಳೋದು

ಟೆಸ್ಟಿಂಗಲ್ಲಿ ಎಲ್ಲ ಸರಿ, ಲೈವ್ ಆಗಿ ಒಂದು ಗಂಟೆಗೆ ‘ಟೂ ಮೆನಿ ಕ್ಲೈಂಟ್ಸ್’. ಅಪ್‌ಗ್ರೇಡ್ ಜೊತೆ ಎಎಸ್‌ಜಿಐಗೂ (ಡಬ್ಲ್ಯುಎಸ್‌ಜಿಐ ಬದ್ಲು ಬಳಸೋ ಅಸಿಂಕ್ ರೀತಿ) ಹೋಗಿದೀರಾ ಅಂತ ನೋಡಿ, ಅಲ್ಲಿ ‘ಕಾನ್_ಮ್ಯಾಕ್ಸ್_ಏಜ್’ (ಕನೆಕ್ಷನನ್ನ ಎಷ್ಟು ಸೆಕೆಂಡ್ ತೆರೆದಿಡ್ಬೇಕು ಅನ್ನೋದು) ಸೊನ್ನೆ ಇರ್ಬೇಕು, ಹಳೇ ಸೆಟ್ಟಿಂಗ್ಸಲ್ಲಿ 600 ಅಂತ ಇದ್ದದ್ದು ಹಾಗೇ ಬಂದಿದ್ರೆ ಕನೆಕ್ಷನ್‌ಗಳು ಮುಚ್ಚದೇ ಗುಡ್ಡೆ ಬೀಳತ್ತೆ. 5.1ರಿಂದ ಪೋಸ್ಟ್‌ಗ್ರೆಸ್‌ಗೆ ಆಪ್ಷನ್ಸ್ ಒಳಗೆ ‘ಪೂಲ್’ (ತೆರೆದ ಕನೆಕ್ಷನ್‌ಗಳನ್ನ ಹಂಚಿ ಬಳಸೋದು) ಅಂತ ಇದೆ, ಅದಕ್ಕೆ ಸೈಕೋಪಿಜಿ 3 ಮತ್ತೆ ಅದರ ಪೂಲ್ ಭಾಗ ಎರಡೂ ಬೇಕು, ‘ಕಾನ್_ಮ್ಯಾಕ್ಸ್_ಏಜ್’ ಸೊನ್ನೆ ಅಲ್ದಿದ್ರೆ ಕನೆಕ್ಟ್ ಆಗುವಾಗಲೇ ನಿಲ್ಸತ್ತೆ. ಮಧ್ಯೆ ಪಿಜಿಬೌನ್ಸರ್ (ಪೋಸ್ಟ್‌ಗ್ರೆಸ್ ಕನೆಕ್ಷನ್‌ಗಳನ್ನ ಹಂಚೋ ಬೇರೆ ಪ್ರೋಗ್ರಾಮ್) ಟ್ರಾನ್ಸಾಕ್ಷನ್ ಮೋಡಲ್ಲಿ ಇದ್ದು ‘_ಜಾಂಗೊ_ಕರ್ಸ್’ ಅಂತ ಶುರುವಾಗೋ ಕರ್ಸರ್ ಇಲ್ಲ ಅಂತ ಎರರ್ ಬಂದ್ರೆ ‘ಡಿಸೇಬಲ್_ಸರ್ವರ್_ಸೈಡ್_ಕರ್ಸರ್ಸ್’ ಟ್ರೂ ಮಾಡಿ, ಇದು 1.11ಕ್ಕಿಂತ ಹಿಂದಿನಿಂದ ಮೇಲೆ ಬಂದೋರಿಗೆ ಖಂಡಿತ ಸಿಗತ್ತೆ.

ವಾಪಸ್ ಹೋಗ್ಬೇಕಾಗಿ ಬಂದ್ರೆ

ಹಳೇ ವರ್ಶನ್ ವಾಪಸ್ ಹಾಕಿದ್ರೆ ಮುಗೀತು ಅಂತ ಅಂದ್ಕೋಬೇಡಿ, ಮೈಗ್ರೇಟ್ ಓಡಿದ್ರೆ ಜಾಂಗೊದ್ದೇ ಒಳ ಆ್ಯಪ್‌ಗಳ ಮೈಗ್ರೇಶನ್ನೂ ಓಡಿರತ್ತೆ. 3.1ರಲ್ಲಿ ಆಥ್ ಆ್ಯಪಿಗೆ (ಯೂಸರ್, ಲಾಗಿನ್ ನೋಡ್ಕೊಳ್ಳೋದು) 0012 ಅಂತ ಒಂದು ಮೈಗ್ರೇಶನ್ ಸೇರಿದೆ, 2.2ಕ್ಕೆ ಇಳಿದ್ರೆ ಆ ಕೋಡಿಗೆ 0012 ಅಂದ್ರೆ ಏನಂತಲೇ ಗೊತ್ತಿಲ್ಲ, ಹಿಂದಕ್ಕೆ ಬಿಚ್ಚೋಕೂ ಬರಲ್ಲ. ಹಾಗಾಗಿ ಹೊಸ ಜಾಂಗೊ ಇನ್ನೂ ಇರೋವಾಗಲೇ ಆಥ್ ಅನ್ನ 0011ಕ್ಕೆ ಮೈಗ್ರೇಟ್ ಮಾಡಿ, ಆಮೇಲೆ ಪ್ಯಾಕೇಜ್ ಇಳಿಸಿ. ಡಂಪ್ (ಡೇಟಾಬೇಸಿನ ಪೂರ್ತಿ ಬ್ಯಾಕಪ್) ಅಂತೂ ಅಪ್‌ಗ್ರೇಡಿಗೆ ಮುಂಚೆಯೇ ತೆಗೆದಿರ್ಬೇಕು, ಅದನ್ನ ಬೇರೆ ಕಡೆ ರಿಸ್ಟೋರ್ ಮಾಡಿ ಒಂದ್ಸಲ ತೆರೆದೂ ನೋಡಿರ್ಬೇಕು.

ನೇರವಾಗಿ 2.2ರಿಂದ 5.2ಕ್ಕೆ ಹಾರಿದ್ರೆ ಮೇಲಿನ ಆರೇಳು ಕಾರಣ ಒಟ್ಟಿಗೇ ಬರತ್ತೆ, ಯಾವುದು ಯಾವುದ್ರದ್ದು ಅಂತ ಬಿಡಿಸೋಕಾಗಲ್ಲ. 2.2, 3.2, 4.2, 5.2 ಹೀಗೆ ಎಲ್‌ಟಿಎಸ್‌ನಿಂದ (ಹೆಚ್ಚು ಕಾಲ ಸಪೋರ್ಟ್ ಇರೋ ವರ್ಶನ್) ಎಲ್‌ಟಿಎಸ್‌ಗೆ ಹೋಗಿ, ಪ್ರತಿ ಮೆಟ್ಟಿಲಲ್ಲೂ ಪೈಥಾನಿಗೆ ಡೆಪ್ರಿಕೇಶನ್ ವಾರ್ನಿಂಗ್ ತೋರಿಸೋ ಆಪ್ಷನ್ ಹಾಕಿ ಟೆಸ್ಟ್ ಓಡಿಸಿ, ‘ಚೆಕ್’ ಕಮಾಂಡಿಗೆ ಡೇಟಾಬೇಸ್ ಹೆಸರು ಕೊಟ್ಟು ಓಡಿಸಿ, ಹಾಗೆ ಕೊಡದಿದ್ರೆ ಡೇಟಾಬೇಸ್ ಚೆಕ್‌ಗಳು ಓಡೋದೇ ಇಲ್ಲ. ಆಮೇಲೆ ‘ಮೇಕ್‌ಮೈಗ್ರೇಶನ್ಸ್’ಗೆ ‘ಚೆಕ್’ ಮತ್ತೆ ‘ಡ್ರೈ ರನ್’ ಎರಡೂ ಹಾಕಿ ನೋಡಿ, ನೀವು ಮಾಡೆಲ್ ಮುಟ್ಟದೇ ಇದ್ರೂ ಹೊಸ ಮೈಗ್ರೇಶನ್ ಹುಟ್ತಿದೆ ಅಂದ್ರೆ ಯಾವುದೋ ಡಿಫಾಲ್ಟ್ ಬದಲಾಗಿದೆ ಅಂತಲೇ ಅರ್ಥ, ಅದು ಯಾವುದು ಅಂತ ಸಿಗೋವರೆಗೂ ನಿಲ್ಲಿ. ಎಲ್ಲ ಸರಿ ಅನ್ಸಿದ ಮೇಲೆ ಮೈಗ್ರೇಟ್‌ಗೆ ‘ಪ್ಲಾನ್’ ಆಪ್ಷನ್ ಹಾಕಿ ಏನೇನು ಓಡತ್ತೆ ಅಂತ ಓದಿ. ಹಳೇ ಪ್ರಾಜೆಕ್ಟಿಗೆ ಮೊದಲನೇ ಸಾಲೇ ‘ಕಂಟೆಂಟ್‌ಟೈಪ್ಸ್ 0001 ಇನಿಶಿಯಲ್’ ಅಂತ ಬಂದ್ರೆ ನೀವು ಖಾಲಿ ಡೇಟಾಬೇಸ್ ಮುಂದೆ ನಿಂತಿದೀರಿ, ಎಂಟರ್ ಒತ್ಬೇಡಿ, ಮತ್ತೆ ‘ಸೆಟ್ಟಿಂಗ್ಸ್_ಡಿಕ್ಟ್’ ಪ್ರಿಂಟ್ ಮಾಡಿ ನೋಡಿ.